ಗೊತ್ತಿದೆ, ಆದರೆ ನೆನಪಿಲ್ಲ

ಪ್ರಶ್ನೆ: ನನಗೆ 42 ವರ್ಷ. ಗಣಿತ ಪಾಠ ಮಾಡುವುದು ವೃತ್ತಿ. ಸೂತ್ರಗಳು, ಹಳೆಯ ವಿದ್ಯಾರ್ಥಿಗಳ ಹೆಸರು, ಫೋನ್ ನಂಬರು ಎಲ್ಲ ನಾಲಿಗೆ ತುದಿಯಲ್ಲಿರುತ್ತವೆ. ಆದರೆ ನನ್ನ ಬದುಕೇ ನನಗೆ ನೆನಪಿಲ್ಲ. ಮದುವೆ, ಮಗ ಹುಟ್ಟಿದ್ದು, ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಿದ್ದು, ಎಲ್ಲದರ ವಿವರ ಗೊತ್ತು; ಒಂದೂ ಕಣ್ಣಿಗೆ ಕಟ್ಟುವುದಿಲ್ಲ. ಚಿಕ್ಕಂದಿನಿಂದಲೂ ಹೀಗೇ. ಯಾರಾದರೂ "ನೆನಪಿದೆಯಾ?" ಅಂದರೆ ಗೋಣು ಹಾಕಿಬಿಡುತ್ತೇನೆ. ತಿಂಗಳ ಹಿಂದೆ ತಂಗಿಯ ಮಗಳು "ದೊಡ್ಡಮ್ಮ, ತಾತ ಹೇಗಿದ್ರು?" ಅಂತ ಕೇಳಿದಳು. ಸೈಕಲ್ ಕಲಿಸುವಾಗ ಅಪ್ಪ ಹಿಂದೆ ಓಡಿ ಓಡಿ ಚಪ್ಪಲಿ ಕಿತ್ತುಹೋದ ಕಥೆ ಹೇಳಿದೆ. ತಂಗಿ ಎಲ್ಲರೆದುರೇ "ಅದು ನನ್ನ ಕಥೆ ಅಕ್ಕ, ನೀನು ಅವತ್ತು ಅಲ್ಲಿರಲೇ ಇಲ್ಲ" ಅಂದಳು. ಆಮೇಲೆ ಸರಿಯಾಗಿ ಮಾತಾಡಿಲ್ಲ. ನಾನು ಸುಳ್ಳಿಯಾ? ಇದು ಮರೆಗುಳಿ ಕಾಯಿಲೆಯ ಶುರುವಾ? ಅಪ್ಪನ ಮೇಲೆ ನನಗೆ ಪ್ರೀತಿಯೇ ಇರಲಿಲ್ಲವಾ? ತಂಗಿಗೆ ಏನು ಹೇಳಲಿ?

ಉತ್ತರ: ಸೈಕಲ್ಲಿನ ಕಥೆಯಿಂದಲೇ ಶುರು ಮಾಡೋಣ. ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿರುವುದು ಅದೇ ಅನ್ನಿಸುತ್ತದೆ.

ಒಂದು ಸಂಗತಿ ಮನಸ್ಸಿನಲ್ಲಿ ಉಳಿಯುವುದು ಬೇರೆ, ಅದು ಎಲ್ಲಿಂದ ಬಂತು ಎಂಬ ಗುರುತು ಉಳಿಯುವುದು ಬೇರೆ. ಮೊದಲನೆಯದು ಗಟ್ಟಿ, ಎರಡನೆಯದು ಬೇಗ ಅಳಿಸುತ್ತದೆ, ಎಲ್ಲರಲ್ಲೂ. 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅವಳಿಗಳನ್ನು ಹಳೆಯ ನೆನಪುಗಳ ಬಗ್ಗೆ ಕೇಳಿದಾಗ ಒಂದೇ ಘಟನೆಯನ್ನು ಇಬ್ಬರೂ "ಅದು ಆಗಿದ್ದು ನನಗೆ" ಎಂದು ಹೇಳಿದ್ದುಂಟು, ಇಬ್ಬರೂ ಪ್ರಾಮಾಣಿಕವಾಗಿಯೇ. ಒಡಹುಟ್ಟಿದವರ ನಡುವೆಯೂ ಇಂಥ ತಗಾದೆ ಕಂಡುಬಂತು. ನಿಮ್ಮ ವಿಷಯದಲ್ಲಿ ಇದು ಇನ್ನೂ ಸುಲಭವಾಗಿ ಆಗುತ್ತದೆ. ಬೇರೆಯವರು ಒಂದು ಕಥೆ ಹೇಳುವ ಮುಂಚೆ ಒಳಗೊಂದು ದೃಶ್ಯವಿದೆಯೇ ಎಂದು ತಮಗೇ ಗೊತ್ತಿಲ್ಲದೆ ಇಣುಕಿ ನೋಡುತ್ತಾರೆ. ದೃಶ್ಯವಿದ್ದರೆ ತಮ್ಮದು, ಬರೀ ಮಾತಾಗಿದ್ದರೆ ಕೇಳಿದ್ದು. ನಿಮಗೆ ಸ್ವಂತದ್ದೂ ಮಾತಾಗಿಯೇ ಉಳಿದಿದೆ, ತಂಗಿಯಿಂದ ಹತ್ತಾರು ಸಲ ಕೇಳಿದ್ದೂ ಮಾತಾಗಿಯೇ ಉಳಿದಿದೆ. ಬೇರ್ಪಡಿಸುವುದು ಯಾವುದರಿಂದ? ಇದು ಸುಳ್ಳಲ್ಲ. ಗೋಣು ಹಾಕುವ ಅಭ್ಯಾಸ ಮಾತ್ರ ಬೇರೆ ಲೆಕ್ಕ, ಅದರ ಬಗ್ಗೆ ಮುಂದೆ ಜಗಳವಾಡುತ್ತೇವೆ.

"ಗೊತ್ತು, ಆದರೆ ಕಣ್ಣಿಗೆ ಕಟ್ಟುವುದಿಲ್ಲ" ಎಂದು ನೀವು ಬರೆದಿರುವುದು ಬಹಳ ಕರಾರುವಾಕ್ಕಾದ ಮಾತು. ಎಂಡೆಲ್ ಟುಲ್ವಿಂಗ್ ಎಂಬ ಮನಶ್ಶಾಸ್ತ್ರಜ್ಞ 1972ರಲ್ಲಿ ಇದೇ ಗೆರೆ ಎಳೆದರು: ಲೋಕದ ವಿಷಯಗಳನ್ನು ತಿಳಿದಿರುವ ಜ್ಞಾಪಕ ಒಂದು, ನಡೆದ ಗಳಿಗೆಗೆ ವಾಪಸು ಹೋಗಿ ಬರುವ ಜ್ಞಾಪಕ ಇನ್ನೊಂದು. ಸಮೀಕರಣ, ಹೆಸರು, ನಂಬರು ಮೊದಲನೆಯದರ ಪಾಲು. ಎರಡನೆಯದು ಹುಟ್ಟಿನಿಂದಲೇ ತೀರಾ ತೆಳುವಾಗಿದ್ದೂ ಆರೋಗ್ಯವಾಗಿ, ಕೆಲಸ ಮಾಡಿಕೊಂಡು ಬದುಕಿರುವವರಿದ್ದಾರೆ. ಅಂಥ 3 ಜನರನ್ನು ಟೊರಾಂಟೊದಲ್ಲಿ ಬ್ರಯಾನ್ ಲೆವಿನ್ ಮತ್ತು ಜೊತೆಯವರು ಪರೀಕ್ಷಿಸಿ 2015ರಲ್ಲಿ ವರದಿ ಪ್ರಕಟಿಸಿದರು. ಆತ್ಮಚರಿತ್ರೆಯ ನೆನಪಿನ ತೀವ್ರ ಕೊರತೆ ಎಂಬ ಅರ್ಥದ ಹೆಸರಿಟ್ಟರು, ಇಂಗ್ಲಿಷಿನಲ್ಲಿ ಚಿಕ್ಕದಾಗಿ ಎಸ್‌ಡಿಎಎಂ ಎನ್ನುತ್ತಾರೆ. ಇದು ರೋಗಪಟ್ಟಿಯಲ್ಲಿರುವ ಕಾಯಿಲೆಯಲ್ಲ, ಗುಳಿಗೆಯೂ ಇಲ್ಲ. ಇಂಥವರಲ್ಲಿ ಎಷ್ಟೋ ಮಂದಿಗೆ ಮನಸ್ಸಿನಲ್ಲಿ ಚಿತ್ರ ಮೂಡುವುದೂ ಕಷ್ಟ. ಕಣ್ಣು ಮುಚ್ಚಿ ಮಗನ ಮುಖ ನೆನೆಸಿಕೊಳ್ಳಿ. ಏನೂ ಕಾಣದೆ, "ಮಗನ ಬಗ್ಗೆ ಯೋಚಿಸುತ್ತಿದ್ದೇನೆ" ಎಂಬ ಅರಿವು ಮಾತ್ರ ಇದ್ದರೆ ನೀವೂ ಆ ಗುಂಪಿನವರಿರಬಹುದು. ಹಾಗೆಂದು ಪತ್ರ ಓದಿ ಯಾವ ಹಣೆಪಟ್ಟಿಯನ್ನೂ ನಾವು ಅಂಟಿಸುವುದಿಲ್ಲ.

ಮರೆಗುಳಿ ಕಾಯಿಲೆಯೇ ಎಂಬ ಭಯಕ್ಕೆ ನಿಮ್ಮ ಪತ್ರದಲ್ಲೇ ಉತ್ತರವಿದೆ: "ಚಿಕ್ಕಂದಿನಿಂದಲೂ ಹೀಗೇ." ವೈದ್ಯರು ಹುಡುಕುವುದು ಬದಲಾವಣೆಯನ್ನು. ಮೊದಲು ಚೆನ್ನಾಗಿದ್ದು ಈಚಿನ ಒಂದೆರಡು ವರ್ಷದಲ್ಲಿ ಕೆಟ್ಟಿದ್ದರೆ, ಅದೇ ಪ್ರಶ್ನೆ ಅರ್ಧ ಗಂಟೆಯಲ್ಲಿ ಮತ್ತೆ ಕೇಳುತ್ತಿದ್ದರೆ, ಗೊತ್ತಿರುವ ದಾರಿ ತಪ್ಪುತ್ತಿದ್ದರೆ ತಡಮಾಡದೆ ತೋರಿಸಬೇಕು. ಇನ್ನೂ ಕೆಲವನ್ನು ಒಮ್ಮೆ ಪರೀಕ್ಷಿಸಿ ಪಕ್ಕಕ್ಕಿಡುವುದು ಒಳ್ಳೆಯದು: ಥೈರಾಯ್ಡ್, ಬಿ12 ಕೊರತೆ, ಗೊರಕೆಯೊಂದಿಗೆ ಉಸಿರು ನಿಂತು ನಿಂತು ಬರುವ ನಿದ್ರೆ, ದಿನಾ ನುಂಗುವ ನಿದ್ರೆ ಮಾತ್ರೆ. ಬೆಳಗ್ಗೆ ಎದ್ದ ಹೊತ್ತಿಗೆ ಅರ್ಧ ಗಂಟೆ, ಒಂದು ಗಂಟೆ ಪೂರಾ ಕಳೆದುಹೋದಂತೆ ಆಗುವುದು ಒಂದು ಬಗೆಯ ಅಪಸ್ಮಾರದ ಲಕ್ಷಣವೂ ಆಗಬಹುದು. ಅದರಲ್ಲಿ ಹಳೆಯ ನೆನಪುಗಳೂ ಸೋರಿಹೋಗುತ್ತವೆ, ಆದರೆ ಕಳೆದುಹೋಗುವ ಆ ಗಳಿಗೆಗಳು ಸಾಮಾನ್ಯವಾಗಿ ಔಷಧಿಯಿಂದ ಹತೋಟಿಗೆ ಬರುತ್ತವೆ.

ಖಿನ್ನತೆಯನ್ನು ಮಾತ್ರ ಹೀಗೆ ಒಂದು ಸಾಲಿನಲ್ಲಿ ದಾಟಲಾಗದು, ಯಾಕೆಂದರೆ ಅಪ್ಪ ಹೋಗಿ ಎರಡೇ ವರ್ಷ. ಖಿನ್ನತೆಯಲ್ಲಿರುವವರ ನೆನಪು ಬಿಡಿ ದಿನಕ್ಕೆ ಇಳಿಯದೆ ಮೇಲ್ಮೇಲೆ ನಿಲ್ಲುತ್ತದೆ ಎಂಬುದು 1980ರ ದಶಕದಿಂದಲೇ ತಿಳಿದಿರುವ ವಿಷಯ. ನಿಮಗೂ ಹಾಗಾಗುತ್ತಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಹತ್ತು ಚೀಟಿಗಳಲ್ಲಿ ಸಾಧಾರಣ ಪದಗಳನ್ನು ಬರೆಯಿರಿ: ಮಳೆ, ಭಯ, ಬೀಗ, ನಗು, ಆಸ್ಪತ್ರೆ, ಹೀಗೆ. ಒಂದೊಂದನ್ನೇ ಎತ್ತಿ, ಒಂದು ನಿಮಿಷದೊಳಗೆ ಒಂದೇ ದಿನ ನಡೆದ ಒಂದೇ ಘಟನೆ ಹೇಳಬೇಕು. "ಮಳೆ ಬಂದರೆ ನನಗೆ ಬೇಜಾರು" ಎಂಬುದು ಘಟನೆಯಲ್ಲ. "ಬೀಗದ ಕೈ ಒಳಗೇ ಬಿಟ್ಟು ಹೊರಗೆ ನೆನೆದ ದಿನ" ಎಂಬುದು ಘಟನೆ. ಹತ್ತರಲ್ಲಿ ಹೆಚ್ಚಿನವು ಮೊದಲನೆಯ ಥರ ಬಂದು, ಜೊತೆಗೆ ಎರಡು ವಾರ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲದೆ ನಿದ್ರೆಯೂ ಕೆಟ್ಟಿದ್ದರೆ ಆಪ್ತಸಮಾಲೋಚಕರನ್ನು ಕಾಣಿ. ಹಿಂದೆ ಹೊಡೆತ, ದೌರ್ಜನ್ಯ ಅನುಭವಿಸಿದವರು ಈ ಚೀಟಿಯ ಆಟವನ್ನು ಒಬ್ಬರೇ ಆಡುವುದು ಬೇಡ. ಖಿನ್ನತೆಯೊಂದಿಗೆ ಬಂದ ಮಸುಕು ಚಿಕಿತ್ಸೆಯಿಂದ ಎಷ್ಟೋ ತಿಳಿಯಾಗುತ್ತದೆ. ಹುಟ್ಟಿನಿಂದ ಇರುವುದಕ್ಕೆ ಒಗ್ಗಿಕೊಂಡು ವ್ಯವಸ್ಥೆ ಮಾಡಿಕೊಳ್ಳುವುದೇ ದಾರಿ.

ಈಗ ಗೋಣಿನ ಜಗಳ. ನೀವು ಹೌದೆಂದ ಕ್ಷಣ ಎದುರಿನವರು ಕಥೆಯನ್ನು ಅಲ್ಲಿಗೇ ಮೊಟಕುಗೊಳಿಸುತ್ತಾರೆ: "ಗೊತ್ತಲ್ಲ, ಮತ್ತೇನು ಹೇಳೋದು." ನಿಮಗೆ ಸಿಗಬಹುದಾಗಿದ್ದ ವಿವರ ಸಿಗುವುದಿಲ್ಲ. ಸಿಕ್ಕಷ್ಟು ತುಣುಕೋ, "ನನಗೂ ಗೊತ್ತಿದ್ದದ್ದು" ಎಂಬ ತಪ್ಪು ಗುರುತಿನೊಂದಿಗೆ ಒಳಗೆ ಸೇರುತ್ತದೆ. ಸೈಕಲ್ ಕಥೆ ನಿಮ್ಮದಾದದ್ದು ಬಹುಶಃ ಇದೇ ದಾರಿಯಲ್ಲಿ. ಇನ್ನು ಮೇಲೆ "ನೆನಪಿದೆಯಾ?" ಅಂದರೆ "ಇಲ್ಲ, ಹೇಳು" ಅನ್ನಿ. ಎರಡೇ ಪದ. "ಅಯ್ಯೋ ನನ್ನ ತಲೆಯೇ ಸರಿಯಿಲ್ಲ" ಎಂದು ಬಾಲ ಸೇರಿಸಬೇಡಿ. ಸೇರಿಸಿದರೆ ಅವರು ಕಥೆ ಬಿಟ್ಟು ನಿಮ್ಮನ್ನು ಸಮಾಧಾನ ಮಾಡಲು ಕೂರುತ್ತಾರೆ.

ತಂಗಿಯೊಂದಿಗೆ ಮಾತಾಡುವುದು ಫೋನಿನಲ್ಲಿ ಬೇಡ, ಗುಂಪಿನಲ್ಲಂತೂ ಬೇಡವೇ ಬೇಡ. ಇಬ್ಬರೇ ಇದ್ದಾಗ ಹೀಗೆ ಶುರು ಮಾಡಬಹುದು: "ಅವತ್ತು ನಾನು ಹೇಳಿದ್ದು ನಿನ್ನ ಕಥೆ, ನೀನು ಹೇಳಿದ್ದೇ ಸರಿ. ಅಪ್ಪ ಹೇಗಿದ್ದರು ಅಂತ ನನಗೆ ಗೊತ್ತು, ಆದರೆ ಅಪ್ಪನ ಜೊತೆ ಕಳೆದ ಒಂದು ದಿನವೂ ನನ್ನ ಕಣ್ಣ ಮುಂದೆ ಬರಲ್ಲ. ಇಷ್ಟು ವರ್ಷ ಹೌದು ಹೌದು ಅಂತ ಮುಚ್ಚಿಟ್ಟೆ. ನಿನ್ನ ಹತ್ತಿರ ಇರೋದನ್ನ ನನಗೂ ಹೇಳ್ತೀಯಾ?" ಮೊದಲು ತಪ್ಪನ್ನು ಒಪ್ಪಿಕೊಂಡು, ಕಾರಣ ಆಮೇಲೆ ಹೇಳುವುದು ಮುಖ್ಯ. ತಿರುವುಮುರುವಾದರೆ ನೆಪ ಹೇಳಿದಂತೆ ಕೇಳಿಸುತ್ತದೆ. ಅವಳು ತಕ್ಷಣ ನಂಬದಿದ್ದರೆ ಆಶ್ಚರ್ಯಪಡಬೇಡಿ. ಎಲ್ಲ ಕಣ್ಣಿಗೆ ಕಟ್ಟುವವರಿಗೆ, ಕಟ್ಟದಿರುವುದು ಹೇಗಿರುತ್ತದೆಂದು ಊಹಿಸುವುದೇ ಕಷ್ಟ. "ಮನಸ್ಸಿದ್ದರೆ ನೆನಪಿರುತ್ತಿತ್ತು" ಎಂಬುದು ಅವರ ಮೊದಲ ಮಾತು. ಆಗ ಅವಳನ್ನೇ ಕೇಳಿ: "ನಿನಗೆ ಒಂದು ವರ್ಷ ಇದ್ದಾಗ ಅಮ್ಮ ಎತ್ತಿ ಆಡಿಸಿದ್ದು ನೆನಪಿದೆಯಾ?" ಮೂರು ವರ್ಷಕ್ಕೆ ಹಿಂದಿನದು ಸಾಧಾರಣವಾಗಿ ಯಾರಿಗೂ ನೆನಪಿರುವುದಿಲ್ಲ. ಆ ಅಮ್ಮನ ಮೇಲೆ ಅವಳಿಗೆ ಪ್ರೀತಿಯಿಲ್ಲವೇ?

ಅಪ್ಪನ ಮೇಲೆ ಪ್ರೀತಿಯಿತ್ತೇ ಎಂಬ ನಿಮ್ಮ ಪ್ರಶ್ನೆಗೂ ನಮ್ಮ ಉತ್ತರ ಇಷ್ಟೇ.

ಹಳೆಯದನ್ನು ಮತ್ತೆ ಕಾಣಿಸುವಂತೆ ಮಾಡುವ ಉಪಾಯ ಯಾರ ಬಳಿಯೂ ಇಲ್ಲ. ಕಣ್ಣು ಮುಚ್ಚಿಸಿ ಹಿಂದಕ್ಕೆ ಕರೆದೊಯ್ಯುತ್ತೇವೆ ಎನ್ನುವವರಿಂದ ದೂರವಿರಿ. 1995ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾಕ್ವೆಲಿನ್ ಪಿಕ್‌ರೆಲ್ 24 ಜನರಿಗೆ, ಚಿಕ್ಕವರಿದ್ದಾಗ ಅಂಗಡಿ ಸಂಕೀರ್ಣದಲ್ಲಿ ಕಳೆದುಹೋಗಿದ್ದಿರಿ ಎಂಬ ಕಟ್ಟುಕಥೆಯನ್ನು ಮನೆಯವರು ಹೇಳಿದ್ದೆಂದು ಕೊಟ್ಟರು. ಸುಮಾರು ಕಾಲು ಭಾಗದಷ್ಟು ಜನ ಪೂರ್ತಿಯಾಗಿಯೋ ಸ್ವಲ್ಪವಾಗಿಯೋ "ಹೌದು, ನೆನಪಾಯಿತು" ಅಂದರು. ಖಾಲಿ ಜಾಗವಿದ್ದಲ್ಲಿ ಯಾರು ಬೇಕಾದರೂ ಬೀಜ ಬಿತ್ತಬಹುದು.

ದಾಖಲೆ ಕಟ್ಟುವುದು ಮಾತ್ರ ನಿಮ್ಮ ಕೈಯಲ್ಲಿದೆ. ಒಂದು ದಪ್ಪ ನೋಟ್‌ಬುಕ್, ಒಂದು ವರ್ಷಕ್ಕೆ ಎದುರುಬದುರಿನ ಎರಡು ಪುಟ. ಎಡಪುಟದಲ್ಲಿ ಗಟ್ಟಿ ಸಂಗತಿ: ಆ ವರ್ಷ ಇದ್ದ ಮನೆ, ತರಗತಿ ಅಥವಾ ಕೆಲಸ, ಮನೆಯಲ್ಲಿ ಯಾರ್ಯಾರಿದ್ದರು, ಕಾಯಿಲೆ, ಸಾವು, ಹುಟ್ಟು. ಅಂಕಪಟ್ಟಿ, ನೇಮಕಾತಿ ಪತ್ರ, ಆಸ್ಪತ್ರೆ ಚೀಟಿ, ಹಳೆಯ ಇಮೇಲ್, ಫೋಟೊ ಹಿಂದಿನ ತಾರೀಖು ನೋಡಿ ತುಂಬಿಸಿ. ಬಲಪುಟದಲ್ಲಿ ಕಥೆಗಳು, ಮೂರು ಬಣ್ಣದಲ್ಲಿ: ನಿಮಗೇ ನೆನಪಿರುವುದು ನೀಲಿ, ಇನ್ನೊಬ್ಬರು ಹೇಳಿದ್ದು ಕೆಂಪು, ಊಹೆ ಪೆನ್ಸಿಲ್. ಕೆಂಪಿನ ಮುಂದೆ ಹೇಳಿದವರ ಹೆಸರು, ಹೇಳಿದ ತಾರೀಖು ಕಡ್ಡಾಯ. ಬಲಪುಟವೆಲ್ಲ ಕೆಂಪಾಗುತ್ತದೆ, ಆಗಲಿ. ಕೇಳುವಾಗ "ಅಪ್ಪ ಸಿಟ್ಟಿನವರಾಗಿದ್ದರಾ?" ಎಂದು ಉತ್ತರವನ್ನು ಪ್ರಶ್ನೆಯೊಳಗೇ ಇಟ್ಟು ಕೇಳಬೇಡಿ, "ಅಪ್ಪ ಕೆಲಸದಿಂದ ಬಂದ ಕೂಡಲೇ ಏನು ಮಾಡುತ್ತಿದ್ದರು?" ಅನ್ನಿ. ಒಂದೇ ಘಟನೆಯನ್ನು ಇಬ್ಬರನ್ನು ಬೇರೆ ಬೇರೆಯಾಗಿ ಕೇಳಿದರೆ ಹೊಂದದ ಜಾಗ ತಾನಾಗಿ ಕಾಣುತ್ತದೆ. ಸರಿಪಡಿಸಲು ಹೋಗದೆ ಎರಡನ್ನೂ ಬರೆದಿಡಿ.

ಇನ್ನು ಮುಂದಿನ ದಿನಗಳದ್ದು. ರಾತ್ರಿ ಐದು ನಿಮಿಷ, ಮೂರು ಸಾಲು. ಜನ ಇದನ್ನು ಶುರು ಮಾಡಿ ಮೂರನೇ ವಾರಕ್ಕೆ ಕೈಬಿಡುವುದು ಎರಡು ಕಾರಣಕ್ಕೆ: ಅತಿಯಾಗಿ ಬರೆಯುವುದು, ಇಲ್ಲವೇ "ದಿನ ಚೆನ್ನಾಗಿತ್ತು" ಎಂದು ಬರೆಯುವುದು. ಚೆನ್ನಾಗಿತ್ತು ಎಂಬ ಸಾಲು ಆರು ತಿಂಗಳ ನಂತರ ನಿಮಗೆ ಏನನ್ನೂ ವಾಪಸು ಕೊಡುವುದಿಲ್ಲ. ಮೊದಲ ಸಾಲು ಏನು ನಡೆಯಿತು. ಎರಡನೆಯದು ಯಾರೋ ಆಡಿದ ಒಂದು ಮಾತು, ಅವರ ಬಾಯಲ್ಲಿ ಬಂದ ಹಾಗೇ. ಮೂರನೆಯದು ಆ ದಿನಕ್ಕೆ ಮಾತ್ರ ಸೇರಿದ ಒಂದು ವಿಚಿತ್ರ: ಹೊಸ ಶೂ ಕಚ್ಚಿದ್ದು, ಕರೆಂಟು ಹೋಗಿ ಮಗ ಕತ್ತಲಲ್ಲೇ ಲೆಕ್ಕ ಒಪ್ಪಿಸಿದ್ದು. ಡಚ್ ಮನಶ್ಶಾಸ್ತ್ರಜ್ಞ ವಿಲ್ಲೆಮ್ ವಾಗೆನಾರ್ 6 ವರ್ಷ ತಮ್ಮ ದಿನಗಳನ್ನೇ ಬರೆದಿಟ್ಟು ಸುಮಾರು 2,400 ಘಟನೆಗಳ ಮೇಲೆ ತಮ್ಮನ್ನೇ ಪರೀಕ್ಷಿಸಿಕೊಂಡು 1986ರಲ್ಲಿ ಪ್ರಕಟಿಸಿದರು. ನೆನಪನ್ನು ಎಳೆದು ತರುವುದರಲ್ಲಿ "ಏನು" ಎಂಬುದೇ ಮುಂದು, "ಯಾವಾಗ" ಎಂಬುದು ತೀರಾ ಹಿಂದು. ಹಾಗಾಗಿ ತಾರೀಖಿನ ಜೊತೆ ಒಂದು ತಲೆಬರಹವೂ ಇರಲಿ: "ಶೂ ಕಚ್ಚಿದ ದಿನ." ಬರೆದದ್ದನ್ನು ಮಾರನೇ ದಿನ, ವಾರದ ಮೇಲೆ, ತಿಂಗಳ ಮೇಲೆ ಒಮ್ಮೊಮ್ಮೆ ಓದಿ. ಓದದ ದಿನಚರಿ ಬೀಗ ಹಾಕಿದ ಪೆಟ್ಟಿಗೆ.

ಫೋಟೊ ರಾಶಿ ಹಾಕುವುದರಿಂದ ಉಪಕಾರವಿಲ್ಲ. ಲಿಂಡಾ ಹೆಂಕೆಲ್ ಎಂಬ ಸಂಶೋಧಕಿ ವಸ್ತುಸಂಗ್ರಹಾಲಯದಲ್ಲಿ ಜನರನ್ನು ಸುತ್ತಾಡಿಸಿ ನೋಡಿದಾಗ, ಫೋಟೊ ತೆಗೆದ ವಸ್ತುಗಳಿಗಿಂತ ಬರೀ ನೋಡಿದ ವಸ್ತುಗಳೇ ಹೆಚ್ಚು ನೆನಪಿದ್ದವು. ಒಂದು ಭಾಗವನ್ನು ಹತ್ತಿರ ಎಳೆದು ತೆಗೆದಾಗ ಮಾತ್ರ ಆ ನಷ್ಟವಾಗಲಿಲ್ಲ. ತಿಂಗಳಿಗೆ ಹತ್ತು ಹನ್ನೆರಡು ಫೋಟೊ ಆರಿಸಿ, ಪ್ರತಿಯೊಂದಕ್ಕೂ ಆ ವಾರದೊಳಗೇ ಎರಡು ಸಾಲು ಬರೆಯಿರಿ. ಫೋಟೊದಲ್ಲಿ ಕಾಣುವುದನ್ನು ಬರೆಯಬೇಕಿಲ್ಲ, ಅದು ಕಾಣುತ್ತದಲ್ಲ. ಕ್ಲಿಕ್ಕಿಸುವ ಮುಂಚೆ ಏನಾಯಿತು, ಫೋಟೊ ತೆಗೆದವರು ಯಾರು, ಅದನ್ನು ಬರೆಯಿರಿ.

ಕಾಯಿಲೆ, ಶಸ್ತ್ರಚಿಕಿತ್ಸೆ, ಆಗದ ಔಷಧಿಗಳ ಒಂದು ಪುಟ ಪರ್ಸಿನಲ್ಲಿರಲಿ. ಜಗಳವಾದ ದಿನವೂ ಮೂರು ಸಾಲು ತಪ್ಪಿಸಬೇಡಿ: ಬೇಗ ಮರೆಯುವುದರಿಂದ ದ್ವೇಷ ಉಳಿಯುವುದಿಲ್ಲ, ಅದು ಲಾಭವೇ. ಆದರೆ "ನಾನು ಹಾಗೆ ಹೇಳೇ ಇಲ್ಲ" ಎಂದು ಯಾರಾದರೂ ಸಾಧಿಸಿದಾಗ ನಿಮ್ಮ ಕೈಯಲ್ಲಿ ಏನಾದರೂ ಇರಬೇಕು.

ಅಮ್ಮ ಇದ್ದಾರೋ ಇಲ್ಲವೋ ನೀವು ಬರೆದಿಲ್ಲ. ಇದ್ದರೆ ಅವರ ದನಿಯನ್ನು ಈ ವಾರವೇ ಫೋನಿನಲ್ಲಿ ಹಿಡಿದಿಡಿ. ಅವರ ಒಪ್ಪಿಗೆ ಕೇಳಿ, ಟಿವಿ ಆರಿಸಿ, ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಫೈಲಿಗೆ ತಾರೀಖು, ಹೆಸರು ಹಾಕಿ ಎರಡು ಕಡೆ ಉಳಿಸಿ. ತಂಗಿಯ ಮಗಳನ್ನೂ ಜೊತೆಗೆ ಕೂರಿಸಿಕೊಳ್ಳಿ. ತಾತ ಹೇಗಿದ್ದರು ಎಂದು ಕೇಳಿದವಳು ಅವಳೇ ತಾನೆ, ಮೊದಲ ಪ್ರಶ್ನೆಯನ್ನು ಅವಳೇ ಕೇಳಲಿ. ಅಮ್ಮ ಇಲ್ಲದಿದ್ದರೆ ಫೋನಿನ ಎದುರು ಕೂರಬೇಕಾದವಳು ತಂಗಿ, ಮೊದಲು ಹೇಳಬೇಕಾದದ್ದು ಆ ಚಪ್ಪಲಿಯ ಕಥೆ.