ನಮ್ಮ ಕಡೆಯ ಬಿಸಿಲಿಗೆ ಕಪ್ಪಾದ ಚರ್ಮಕ್ಕೆ ಮನೆಯ ಐಪಿಎಲ್ ಮಷಿನ್ ಆಗುತ್ತಾ?

ಕಾಲಿನ ಕೂದಲಿಗೆ ಐಪಿಎಲ್ ಮಷಿನ್ (ಬೆಳಕು ಹೊಡೆದು ಕೂದಲು ಕಡಿಮೆ ಮಾಡುವ ಯಂತ್ರ), ಮುಖದ ಬಂಗಿಗೆ, ಅಂದರೆ ಕಪ್ಪು ಕಲೆಗೆ, ಬಣ್ಣದ ಬೆಳಕು ಬೀರುವ ಎಲ್‌ಇಡಿ ಮಾಸ್ಕ್, ಎರಡನ್ನೂ ತರಿಸಲಾ ಅಂತ ಕೇಳಿದ್ದೀರಿ. ಮಷಿನ್ ಆಗುತ್ತೋ ಇಲ್ಲವೋ ಅನ್ನುವುದು ನಿಮ್ಮ ಚರ್ಮದ ಬಣ್ಣದ ಮೇಲೆ ಹೋಗುತ್ತದೆ. ಬಂಗಿಗೆ ಮಾಸ್ಕ್ ಬೇಡವೇ ಬೇಡ.

ನಾನು ರಾಯಚೂರಿನವಳು. ಕೆಲಸಕ್ಕೆ ದಿನಾ ಸ್ಕೂಟಿಯಲ್ಲಿ ಶಕ್ತಿನಗರಕ್ಕೆ ಹೋಗಿ ಬರುತ್ತೇನೆ. ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದು ಮಷಿನ್ ತರಿಸಿದೆ. ಡಬ್ಬಿಯಲ್ಲಿ ನಮ್ಮ ಚರ್ಮ ಎಷ್ಟು ಕಪ್ಪು ಅಂತ ಹೋಲಿಸಿ ನೋಡಲು ಆರು ಬಣ್ಣದ ಚಾರ್ಟ್ ಇತ್ತು. ಮೊಣಕೈ ಒಳಗಿನ ಬಣ್ಣ ಹೋಲಿಸಿ ನಂದು ನಾಲ್ಕನೇದು ಅಂದುಕೊಂಡೆ. ಆದರೆ ಬೆಳಕು ಹೊಡೆದದ್ದು ಪಾದದ ಮೇಲೆ, ಚಪ್ಪಲಿ ಪಟ್ಟಿಯ ಗುರುತು ಬಿಟ್ಟರೆ ಬರೀ ಕಪ್ಪಾಗಿದ್ದ ಜಾಗಕ್ಕೆ. ಚುರ್ ಅಂತು. ಬೆಳಿಗ್ಗೆ ನೋಡಿದರೆ ಮಷಿನ್ ಬಾಯಿಯ ಅಳತೆಯದೇ ಒಂದು ಚೌಕ, ರಬ್ಬರ್ ಸ್ಟಾಂಪ್ ಒತ್ತಿದ ಹಾಗೆ. ಕಲೆ ಹೋಗಲು ಏಳು ತಿಂಗಳು ಹಿಡಿಯಿತು. "ರೊಕ್ಕ ಕೊಟ್ಟು ಸುಟಗೊಂಡ್ಯಲ್ಲವ್ವಾ" ಅಂತ ಅವ್ವ ಈಗಲೂ ಆಡಿಕೊಳ್ಳುತ್ತಾಳೆ.

ಐಪಿಎಲ್ ಲೇಸರ್ ಅಲ್ಲ. ಕ್ಯಾಮೆರಾ ಫ್ಲ್ಯಾಶ್‌ನಂತೆ ಹಲವು ತರಂಗಗಳು ಸೇರಿದ ಬೆಳಕು. ಅದು ಮೆಲನಿನ್ (ಕೂದಲಿಗೆ, ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ವಸ್ತು) ಇರುವ ಕಡೆ ಬಿಸಿಯಾಗಿ ಕೂದಲಿನ ಬುಡ ಸುಡಬೇಕು. ಚರ್ಮದಲ್ಲೇ ಮೆಲನಿನ್ ಜಾಸ್ತಿ ಇದ್ದರೆ ಮೊದಲು ಸುಡುವುದು ಚರ್ಮವೇ, ಅಲ್ವಾ? ಅದಕ್ಕೇ ಕಪ್ಪು ಚರ್ಮಕ್ಕೆ ಕ್ಲಿನಿಕ್‌ಗಳಲ್ಲಿ 1064 ನ್ಯಾನೋಮೀಟರ್ ತರಂಗದ ಎನ್‌ಡಿ-ಯಾಗ್ ಅನ್ನುವ ಲೇಸರ್ ಬಳಸುತ್ತಾರೆ. ಅದನ್ನು ಮೆಲನಿನ್ ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೂ ಹೋಗುತ್ತದೆ. ಬಿಳಿ ಕೂದಲಿಗೆ ಐಪಿಎಲ್ ಸುಮ್ನೆ ದುಡ್ಡು ದಂಡ. ಪಿಸಿಓಡಿಯಿಂದ (ಅಂಡಾಶಯದ ಹಾರ್ಮೋನ್ ತೊಂದರೆಯಿಂದ) ಗಲ್ಲದ ಮೇಲೆ ಕೂದಲು ಬರುತ್ತಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಕೆಲವರಿಗೆ ಈ ಬೆಳಕಿನಿಂದಲೇ ಕೂದಲು ಜಾಸ್ತಿಯಾಗುವುದುಂಟು.

ಇನ್ನು ಮಾಸ್ಕ್. 415 ನ್ಯಾನೋಮೀಟರ್ ಆಸುಪಾಸಿನ ನೀಲಿ, 630ರ ಆಸುಪಾಸಿನ ಕೆಂಪು ಬೆಳಕು ಸಣ್ಣ ಮೊಡವೆಗೆ ಸ್ವಲ್ಪ ಕೆಲಸ ಮಾಡುತ್ತವೆ. ಡಬ್ಬಿಯ ಮೇಲೆ ನ್ಯಾನೋಮೀಟರ್ ಲೆಕ್ಕ, ಚದರ ಸೆಂಟಿಮೀಟರ್‌ಗೆ ಎಷ್ಟು ಮಿಲಿವ್ಯಾಟ್ (ಬೆಳಕಿನ ಜೋರು) ಅನ್ನುವುದು ಇರಬೇಕು. ಬರೀ "ಏಳು ಬಣ್ಣ" ಅಂತಿದ್ದರೆ ಕೆಳಗಿಡಿ. ಬಂಗಿಗೆ ಬೆಳಕು, ಬಿಸಿ ಎರಡೂ ಆಗಿಬರುವುದಿಲ್ಲ, ಅದರಲ್ಲೂ ನೀಲಿ. ಆ ದುಡ್ಡಿನಲ್ಲಿ ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಕೊಳ್ಳಿ.

ಅದೇ ಮಷಿನನ್ನು ಡಿಸೆಂಬರ್‌ನಲ್ಲಿ ತೊಡೆಯ ಮೇಲೆ, ಬಿಸಿಲೇ ಕಾಣದ ಜಾಗದಲ್ಲಿ, ಕಡಿಮೆ ಲೆವೆಲ್‌ನಲ್ಲಿ ಮತ್ತೆ ಬಳಸಿದೆ. ಒಂದೇ ಒಂದು ಫ್ಲ್ಯಾಶ್ ಹೊಡೆದು ಎರಡು ದಿನ ಕಾದು ಮುಂದುವರಿದೆ. ಕೂದಲು ಪೂರ್ತಿ ಹೋಗಿಲ್ಲ, ತೆಳ್ಳಗಾಗಿದೆ. ಪಾದದ ತಂಟೆಗೆ ಮಾತ್ರ ಮತ್ತೆ ಹೋಗಿಲ್ಲ.