ಕಷ್ಟದ ವರ್ಷದ ವೈನು ಕೆಟ್ಟಿರಲೇಬೇಕೇ?

ಪ್ರಶ್ನೆ: ಫ್ರಾನ್ಸಿನಲ್ಲಿರುವ ನಮ್ಮ ಅಳಿಯ ಎರಡು ವರ್ಷದ ಹಿಂದೆ ಬೋರ್ಡೊದ ಮೆಡಾಕ್ ಭಾಗದ ಕೆಂಪು ವೈನ್ ತಂದುಕೊಟ್ಟಿದ್ದಾರೆ. 2013ರದು, ಹೆಸರಾಂತ ತೋಟದ್ದಂತೆ. 'ಆ ವರ್ಷ ಛಲೋ ಇರಲಿಲ್ಲ, ರೊಕ್ಕ ದಂಡ' ಅಂತ ಗೆಳೆಯರೊಬ್ಬರು ಅಂದರು. ಬಾಟಲಿ ಕಪಾಟಿನಲ್ಲೇ ಇದೆ. ತೆರೆಯಲೋ, ಇನ್ನೂ ಇಡಲೋ? ರುಚಿ ನೋಡುವುದು ಹೇಗೆ?
– ದ್ರಾಕ್ಷಿ ಬೆಳೆಗಾರ, ತಿಕೋಟಾ

ಉತ್ತರ: ಇಡಬೇಡಿ, ತೆರೆಯಿರಿ. ಗೆಳೆಯರು ಹೇಳಿದ್ದು ಅರ್ಧ ಖರೆ. 2013ರಲ್ಲಿ ಬೋರ್ಡೊದಲ್ಲಿ ಚಳಿ-ಮಳೆ ಬಿಡದೆ ಹೂವು ಸರಿಯಾಗಿ ಕಾಯಿಕಟ್ಟಲಿಲ್ಲ. ಮೆರ್ಲೊ ತಳಿಗಂತೂ ದೊಡ್ಡ ಪೆಟ್ಟು. ಕೊಯ್ಲಿನ ಹೊತ್ತಿಗೆ ಮತ್ತೆ ಮಳೆ ಹಿಡಿದು ಗೊನೆ ಕೊಳೆಯತೊಡಗಿತು. ಪೂರ್ತಿ ಮಾಗಲಿ ಅಂತ ಕಾಯುವ ಹಾಗಿರಲಿಲ್ಲ. 1991ರ ನಂತರ ಅಷ್ಟು ಕಡಿಮೆ ಫಸಲು ಬಂದಿರಲಿಲ್ಲ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿಸಿ, ಹೂವಿನ ಹಂತದಲ್ಲಿ ಮಳೆ ಹೊಡೆದು, ಡೌನಿ ರೋಗಕ್ಕೆ ಔಷಧ ಸಿಂಪಡಿಸಿ ಸುಸ್ತಾದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕೇ? ಅಂಥ ವರ್ಷವೂ ಎಲ್ಲರ ದ್ರಾಕ್ಷಿ ಪಡ ಒಂದೇ ಸಮ ಹಾಳಾಗುವುದಿಲ್ಲ ಅನ್ನುವುದೂ ನಿಮಗೆ ಗೊತ್ತು. ಆಳು-ರೊಕ್ಕ ಇದ್ದ ತೋಟಗಳು ಕೊಳೆತದ್ದನ್ನು ಆರಿಸಿ ಬಿಸಾಕಿ, ಉಳಿದುದರಲ್ಲಿ ಒಳ್ಳೆಯದನ್ನಷ್ಟೇ ತಮ್ಮ ಹೆಸರಿನ ಬಾಟಲಿಗೆ ತುಂಬುತ್ತವೆ.

ನನಗೆ ಹೆದರಿಕೆ 2013ರದಲ್ಲ, ನಿಮ್ಮ ಕಪಾಟಿನದು. ವೈನಿಗೆ 12ರಿಂದ 14 ಡಿಗ್ರಿಯ ತಂಪು ಬೇಕು. ನಮ್ಮ ವಿಜಯಪುರದ ಬೇಸಿಗೆ 40 ದಾಟುತ್ತದೆ. ಮೊದಲು ಬಾಟಲಿಯ ಬಾಯಿ ನೋಡಿ. ಬಿರಡೆ ಮೇಲೆದ್ದಿದ್ದರೆ, ಸುತ್ತ ವೈನು ಜಿನುಗಿದ ಕಲೆ ಇದ್ದರೆ ಸೆಕೆ ತಾಗಿದೆ ಅಂತಲೇ ಲೆಕ್ಕ.

ಕುಡಿಯುವ ಹಿಂದಿನ ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ತೆರೆಯುವ ಮುಂಚೆ ಫ್ರಿಜ್‌ನಲ್ಲಿಟ್ಟು 16 ಡಿಗ್ರಿ ಆಸುಪಾಸಿಗೆ ತನ್ನಿ. ಗ್ಲಾಸಿಗೆ ಎರಡು ಬೆರಳಷ್ಟು ಸುರಿದು, ಬಿಳಿ ಹಾಳೆಯ ಮೇಲೆ ಓರೆ ಹಿಡಿಯಿರಿ. ಬಣ್ಣ ತೆಳುವಾಗಿದ್ದರೆ, ಅಂಚು ಇಟ್ಟಿಗೆ ಕೆಂಪಿಗೆ ತಿರುಗಿದ್ದರೆ ಗಾಬರಿ ಬೇಡ, ವಯಸ್ಸಾಗಿದೆ. ಆಮೇಲೆ ಮೂಗು. ಹಸಿ ಡಬ್ಬು ಮೆಣಸಿನಕಾಯಿಯ ವಾಸನೆ ಬಂದರೆ ಅದು ಪೂರ್ತಿ ಮಾಗದ ಕ್ಯಾಬರ್ನೆ ಸವಿನ್ಯೋನ್ ದ್ರಾಕ್ಷಿಯದು. ಆ ವರ್ಷದ ಗುರುತು, ಕೆಟ್ಟದ್ದಲ್ಲ. ನನಗಂತೂ ಹದವಾಗಿದ್ದರೆ ಇಷ್ಟವೇ. ನೆನೆದ ಗೋಣಿಚೀಲದ ವಾಸನೆ ಬಂದರೆ ಬಿರಡೆಯ ದೋಷ, ಚೆಲ್ಲಿಬಿಡಿ. ಕುದಿಸಿದ ಒಣದ್ರಾಕ್ಷಿಯ ವಾಸನೆ ಬಂದರೆ ಅದು ಕಪಾಟಿನ ಕೆಲಸ; ಮಣೂಕ (ಒಣದ್ರಾಕ್ಷಿ) ಮಾಡುವ ಊರಿನವರ ಮೂಗಿಗೆ ಅದು ತಪ್ಪಲಾರದು.

ಬಾಯಿಗೆ ಹಾಕಿದಾಗ ಹುಳಿ ಮುಂದೆ ಬರುತ್ತದೆ, ಮೈ ತೆಳು. ಅಲ್ಲಿಗೇ ತೀರ್ಪು ಕೊಡಬೇಡಿ. ನುಂಗಿದ ಮೇಲೆ ಹತ್ತು ಎಣಿಸಿ. ಬರೀ ಹುಳಿ, ಒಗರು ಉಳಿದರೆ ಗೆಳೆಯರ ಮಾತೇ ಸರಿ. ಹಣ್ಣಿನ ರುಚಿ ಇನ್ನೂ ನಾಲಿಗೆಯ ಮೇಲಿದ್ದರೆ ತೋಟದವನು ಗೆದ್ದಿದ್ದಾನೆ. ದಪ್ಪ, ಸಿಹಿ ಸಿಹಿ ವೈನು ಬಯಸುವವರಿಗೆ ಇದು ರುಚಿಸುವುದಿಲ್ಲ, ಅದು ಬೇರೆ ಮಾತು.

ಜಗ್ಗಿಗೆ ಸುರಿದು ತಾಸುಗಟ್ಟಲೆ ಗಾಳಿಗಿಡಬೇಡಿ, ಇದ್ದ ಪರಿಮಳವೂ ಹೋದೀತು. ಜತೆಗೆ ಖಾರ ಕಡಿಮೆ ಹಾಕಿದ ಮಟನ್ ಇರಲಿ. ಶೇಂಗಾ ಚಟ್ನಿ, ಕೆಂಪು ರಸಾ ಬೇಡ. ಖಾರ ಕೂಡಿದರೆ ವೈನಿನ ಒಗರು ಇನ್ನಷ್ಟು ಒರಟಾಗುತ್ತದೆ.