ಕತ್ತಲೆಗೆ ಗುಮ್ಮನನ್ನು ತಂದವರು ಯಾರು?

ತಿಪಟೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಏಳು ವರ್ಷದ ಮಗ ಕತ್ತಲಾದ ಮೇಲೆ ಹಿತ್ತಲಿಗೆ ಒಬ್ಬನೇ ಹೋಗುವುದಿಲ್ಲ. ನಾನು ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದದ್ದೇ ಇದಕ್ಕೆ ಕಾರಣ ಅನ್ನುತ್ತಾರೆ ಅತ್ತೆ. ಭಯ ಬಿಡಿಸುತ್ತೇನೆಂದು ನಮ್ಮ ಯಜಮಾನರು ಅವನನ್ನು ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದರು. ಅವತ್ತಿನಿಂದ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಾನೆ. ಸೂಜಿ ಕಂಡರೆ ತಲೆ ಸುತ್ತಿ ಬೀಳುವವರು ಯಜಮಾನರೂ. ನನಗೋ, ಅಪ್ಪ ತೀರಿಕೊಂಡ ಸುದ್ದಿ ಬಂದ ಮೇಲೆ ರಾತ್ರಿ ಫೋನ್ ಬಡಿದುಕೊಂಡರೆ ಎದೆ ಧಸಕ್ಕೆನ್ನುತ್ತದೆ. ಭಯ ರಕ್ತದಲ್ಲೇ ಬರುತ್ತದೆಯೇ?’

ಸಹೋದರಿ,

ಮೊದಲು ಆ ಕೋಣೆಯ ವಿಷಯ. ದಯವಿಟ್ಟು ಇನ್ನೊಮ್ಮೆ ಹಾಗೆ ಮಾಡಲು ಬಿಡಬೇಡಿ. ಹೆದರುವವರ ಮೇಲೆ ಕಪ್ಪೆ ಎಸೆದರು ಅನ್ನುತ್ತಾರಲ್ಲ, ಇದು ಅದೇ. ಕತ್ತಲೆಯಲ್ಲಿ ಏನೋ ಇದೆ ಎಂದು ಅಂಜಿದ್ದ ಮಗುವಿಗೆ, ಅಲ್ಲಿ ಕೂಗಿದರೂ ಅಪ್ಪ ಬರುವುದಿಲ್ಲ ಎನ್ನುವುದೂ ಈಗ ಗೊತ್ತಾಯಿತು. ಇನ್ನು ಗ್ರಹಣ. ಅದಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇಷ್ಟು ವರ್ಷ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಿದ್ದರೆ ಇವತ್ತಿಗೆ ಬಿಟ್ಟುಬಿಡಿ.

ಹುಟ್ಟುವಾಗಲೇ ಮನುಷ್ಯನ ಜತೆ ಬರುವ ಬೆದರಿಕೆ ಬಹಳ ಕಡಿಮೆ. ಜೋರು ಸದ್ದಾದರೆ, ತಲೆಗೆ ಆಸರೆಯಾಗಿದ್ದ ಕೈ ತಟ್ಟನೆ ಸಡಿಲಾದರೆ ಹಸುಗೂಸು ಎರಡೂ ತೋಳು ಚಾಚಿ ಬೆಚ್ಚಿಬೀಳುತ್ತದೆ. ಎಂಟು ತಿಂಗಳ ಹೊತ್ತಿಗೆ ಹೊಸಬರ ಮುಖ ಕಂಡು ಅಳುತ್ತದೆ. ಕತ್ತಲೆಯ ಭಯ ಬರುವುದು ಅದಕ್ಕೂ ತಡವಾಗಿ, ಕಣ್ಣೆದುರು ಇಲ್ಲದ್ದನ್ನು ಕಲ್ಪಿಸಿಕೊಳ್ಳುವ ಶಕ್ತಿ ಬಂದ ಮೇಲೆ. ಏಳರ ವಯಸ್ಸಿನಲ್ಲಿ ಅದು ತೀರಾ ಸಾಮಾನ್ಯ. ಅವನನ್ನು ಪುಕ್ಕಲ ಅಂತ ಯಾರೂ ಕರೆಯದಂತೆ ನೋಡಿಕೊಳ್ಳಿ.

ಆದರೆ ಆ ಕತ್ತಲೆಯೊಳಗೆ ಗುಮ್ಮನನ್ನು ಕೂರಿಸುವವರು ನಾವೇ. ಅನ್ನ ಉಣ್ಣಿಸಲು ಗುಮ್ಮ, ಮಲಗಿಸಲು ಗುಮ್ಮ. 1990ರ ದಶಕದಲ್ಲಿ ಬೆಂಗಳೂರೂ ಸೇರಿದಂತೆ ನಮ್ಮ ಎಷ್ಟೋ ಊರುಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರು, ನಿಮಗೆ ನೆನಪಿರಬಹುದು. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಸಾವು, ಬರಹ ಓದಿದರೆ ಹಿಂದಿರುಗುತ್ತದೆ ಎಂಬ ವದಂತಿ. ದೆವ್ವವನ್ನು ಕಂಡವರು ಯಾರೂ ಇರಲಿಲ್ಲ. ಅವಸರವಾಗಿ ಚಿಲಕ ಹಾಕುವ ದೊಡ್ಡವರ ಮುಖವನ್ನು ಮಾತ್ರ ಮಕ್ಕಳೆಲ್ಲ ಕಂಡಿದ್ದರು.

ಮುಖ ನೋಡಿ ಭಯ ಕಲಿಯುವುದು ಮಂಗಗಳಲ್ಲೂ ಇದೆ. 1980ರ ದಶಕದಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ಮಿನೇಕಾ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲೇ ಬೆಳೆದ ಮಂಗಗಳಿಗೆ ಹಾವು ತೋರಿಸಿದರು. ಅವು ಅಷ್ಟಾಗಿ ಅಂಜಲಿಲ್ಲ. ಕಾಡಿನಲ್ಲಿ ಬೆಳೆದ ಮಂಗವೊಂದು ಹಾವು ಕಂಡು ಕಂಗಾಲಾಗುವುದನ್ನು ಕೆಲವೇ ನಿಮಿಷ ನೋಡಿದ ಮೇಲೆ ಅವಕ್ಕೂ ಹಾವೆಂದರೆ ಭಯ. ಆಮೇಲೆ, ಹೂವು ಕಂಡು ಹೆದರುತ್ತಿರುವಂತೆ ಜೋಡಿಸಿದ ವಿಡಿಯೊ ತೋರಿಸಿದರು. ಹೂವಿಗೆ ಯಾವ ಮಂಗವೂ ಹೆದರಲಿಲ್ಲ. ‘ರಕ್ತದಲ್ಲೇ ಬರುತ್ತದೆಯೇ’ ಎಂಬ ನಿಮ್ಮ ಪ್ರಶ್ನೆಗೆ ಇದಕ್ಕಿಂತ ಚೆನ್ನಾದ ಉತ್ತರ ನನಗೆ ಗೊತ್ತಿಲ್ಲ. ಕೆಲವನ್ನು ಕಂಡು ಬೇಗ ಹೆದರುವ ಗುಣ ಹುಟ್ಟಿನಿಂದ ಬಂದಿರುತ್ತದೆ. ಹೆದರುವುದನ್ನು ಕಲಿಯುವುದು ಹತ್ತಿರದವರನ್ನು ನೋಡಿ.

ನಿಮ್ಮ ಫೋನಿನ ಭಯದ ದಾರಿ ಬೇರೆ. 1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ವಾಟ್ಸನ್ ಮತ್ತು ಅವರ ಸಹಾಯಕಿ ರೊಸಾಲಿ ರೇನರ್ ಹನ್ನೊಂದು ತಿಂಗಳ ಕೂಸಿನ ಮುಂದೆ ಬಿಳಿ ಇಲಿ ಬಿಟ್ಟು, ಅದು ಮುಟ್ಟಲು ಹೋದಾಗ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಹೀಗೆ ಕೆಲವು ಸಲ ಆದ ಮೇಲೆ ಸದ್ದೇ ಇಲ್ಲದಿದ್ದರೂ ಇಲಿ ಕಂಡರೆ ಅಳು. ಆಮೇಲೆ ಮೊಲ ಕಂಡರೂ, ತುಪ್ಪಳದ ಕೋಟು ಕಂಡರೂ ಅಳು. ಆ ಕೂಸಿನ ಭಯ ಬಿಡಿಸದೆಯೇ ಕಳಿಸಿಬಿಟ್ಟರು ಎನ್ನುವುದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಿಮ್ಮಲ್ಲಿ ಫೋನಿನ ಸದ್ದೂ ಸಾವಿನ ಸುದ್ದಿಯೂ ಒಂದೇ ರಾತ್ರಿ ಹೆಣೆದುಕೊಂಡವು. ಮಿದುಳಿನಲ್ಲಿ ಬಾದಾಮಿಯಷ್ಟಿರುವ ಅಮಿಗ್ಡಲ ಎಂಬ ಭಾಗ ಆ ಜೋಡಿಯನ್ನು ನೆನಪಿಟ್ಟುಕೊಂಡಿದೆ. ಕರೆ ಯಾರದೆಂದು ನೀವು ನೋಡುವ ಮೊದಲೇ ಎದೆ ಬಡಿದುಕೊಳ್ಳುವುದು ಅದಕ್ಕೇ.

ಯಜಮಾನರದು ಇನ್ನೊಂದು ಬಗೆ. ಬೇರೆ ಭಯಗಳಲ್ಲಿ ರಕ್ತದೊತ್ತಡ ಏರುತ್ತದೆ. ಸೂಜಿ, ರಕ್ತ ಕಂಡು ಕುಸಿಯುವವರಲ್ಲಿ ಮೊದಲು ಕೊಂಚ ಏರಿ ಆಮೇಲೆ ಧಡಕ್ಕನೆ ಇಳಿಯುತ್ತದೆ. ಅದು ಹೇಡಿತನವಲ್ಲ, ವಂಶದಲ್ಲಿ ಬರುವುದೂ ಉಂಟು. ಇದನ್ನು ಅವರಿಗೆ ಓದಿ ಹೇಳಿ. ಸೂಜಿ ಕಂಡಾಗ ತನ್ನ ಮೈ ತನ್ನ ಮಾತು ಕೇಳುವುದಿಲ್ಲ ಎಂದು ಬಲ್ಲವರಿಗೆ ಮಗನ ಕಷ್ಟ ಅರ್ಥವಾದೀತು.

ಮಗನ ಭಯ ಬಿಡಿಸುವ ದಾರಿಯನ್ನು 1924ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ತೋರಿಸಿಕೊಟ್ಟರು. ಮೊಲಕ್ಕೆ ಹೆದರುತ್ತಿದ್ದ ಸುಮಾರು ಮೂರು ವರ್ಷದ ಹುಡುಗ ಇಷ್ಟದ ತಿಂಡಿ ತಿನ್ನುವಾಗ ಮೊಲದ ಪಂಜರವನ್ನು ದೂರದಲ್ಲಿಟ್ಟು, ದಿನ ಕಳೆದಂತೆ ಇಷ್ಟಿಷ್ಟೇ ಹತ್ತಿರ ತಂದರು. ಕೊನೆಗೆ ಅವನೇ ಮೊಲವನ್ನು ಮುದ್ದಾಡಿದ. ನೀವೂ ಹಾಗೇ ಮಾಡಿ. ಟಾರ್ಚು ಅವನ ಕೈಯಲ್ಲಿರಲಿ. ಮೊದಲ ಕೆಲವು ದಿನ ಜತೆಗೇ ಹೋಗಿ. ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತು ಮಾತಾಡುತ್ತಿರಿ, ನಂತರ ಅಡುಗೆಮನೆಯಿಂದ. ಒಂದು ದಿನ ಹಿಂಜರಿದರೆ ಹಿಂದಿನ ಹೆಜ್ಜೆಗೇ ಮರಳಿ. ಯಜಮಾನರು ಜತೆಗೆ ಹೋದರೆ ಇನ್ನೂ ಒಳ್ಳೆಯದು. ಕೂಡಿಹಾಕಿದವರೇ ಕೈಹಿಡಿದು ನಡೆಸಬೇಕು.

ಹಾಸಿಗೆ ಒದ್ದೆಯಾಗುವುದಕ್ಕೆ ಬೈಯಬೇಡಿ. ಉರಿಮೂತ್ರದಂಥ ಕಾರಣವೂ ಇರಬಹುದು, ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ. ನಿಮ್ಮ ನಿದ್ದೆ ಕೆಡುತ್ತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿಯೂ ಸಿಗುತ್ತಾರೆ.

— ಸಂಪಾದಕ